ಬೈಲಿನ ಗಾಳಿ, ಗುಡ್ಡದ ಮಾಪಕ: ಮಂಗಳೂರಿನ ನಗರರಚನೆ ಮತ್ತು ವಾಯುಮಾಲಿನ್ಯ

ಕೇಂದ್ರ ಸರ್ಕಾರ 2019ರ ಜನವರಿಯಲ್ಲಿ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮವನ್ನು ಘೋಷಿಸಿತು. ಗಾಳಿಯ ಗುಣಮಟ್ಟದ ಮಿತಿಯನ್ನು ಸತತವಾಗಿ ಮೀರಿದ ನಗರಗಳ ಪಟ್ಟಿಯಲ್ಲಿ ಕರ್ನಾಟಕದ ನಾಲ್ಕು ಹೆಸರುಗಳಿದ್ದವು: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ. ಮಂಗಳೂರಿನ ಹೆಸರು ಅದರಲ್ಲಿರಲಿಲ್ಲ. ತೈಲ ಶುದ್ಧೀಕರಣಾಗಾರ, ರಸಗೊಬ್ಬರ ಕಾರ್ಖಾನೆ, ಅದಿರಿನ ಉಂಡೆ ಕಟ್ಟುವ ಘಟಕ, ಕಲ್ಲಿದ್ದಲು ಇಳಿಯುವ ದೊಡ್ಡ ಬಂದರು ಎಲ್ಲವನ್ನೂ ಒಡಲಲ್ಲಿಟ್ಟುಕೊಂಡ ಊರೊಂದು ಈ ಪಟ್ಟಿಯಿಂದ ಹೊರಗುಳಿದದ್ದು ಸಣ್ಣ ಸಂಗತಿಯಲ್ಲ. ಅದಕ್ಕೆ ಕಾರಣ ಊರಿನ ಯೋಜನೆಯಲ್ಲ. ಪಡುವಣದಿಂದ ಬೀಸುವ ಕಡಲ ಗಾಳಿ ಮತ್ತು ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆ ಈ ಊರಿನ ಗಾಳಿಯನ್ನು ಕಾಯುತ್ತಿವೆ.

ಸರಾಸರಿ ಚೆನ್ನಾಗಿದೆ ಎಂಬ ಮಾತನ್ನು ಈ ಲೇಖನ ಅಲ್ಲಗಳೆಯುವುದಿಲ್ಲ. ಆದರೆ ಈ ಒಳ್ಳೆಯ ಸರಾಸರಿಯೇ ಇಲ್ಲೊಂದು ತೆರೆಯಾಗಿದೆ ಎಂಬುದು ನನ್ನ ವಾದ. ಅದರ ಹಿಂದೆ ಕೆಲವು ಬೈಲುಗಳು, ಕೆಲವು ಕೂಡುರಸ್ತೆಗಳು, ಬಡಗಣದ ಕೆಲವು ವಸತಿಗಳು ತಮ್ಮ ಪಾಲಿಗಿಂತ ಹೆಚ್ಚಿನ ಹೊಗೆಯನ್ನು ಉಸಿರಾಡುತ್ತಿವೆ. ಯಾವ ಜಾಗಕ್ಕೆ ಎಷ್ಟು ಹೊಗೆ ಎಂಬುದನ್ನು ನಿರ್ಧರಿಸಿದ್ದು ಕಳೆದ ನೂರೈವತ್ತು ವರ್ಷಗಳಲ್ಲಿ ಊರು ಬೆಳೆದ ರೀತಿ. ಹಾಗೆಯೇ ಆ ಹೊಗೆಯಿಂದ ತಪ್ಪಿಸಿಕೊಳ್ಳಲು ಆಗಾಗ ಮಾಡಿಕೊಂಡ ಏರ್ಪಾಡುಗಳೂ ಊರಿನ ಆಕಾರವನ್ನು ಬದಲಿಸಿವೆ. ಈ ಎರಡೂ ದಿಕ್ಕಿನ ಪ್ರಭಾವವನ್ನು ಒಟ್ಟಿಗೆ ಇಟ್ಟು ನೋಡದೆ ಮಂಗಳೂರಿನ ಗಾಳಿಯ ಲೆಕ್ಕ ಸರಿಹೋಗುವುದಿಲ್ಲ.

ನೆಲದ ರೂಪ

ಕಡಲ ಬದಿಯ ಊರೆಂದಾಕ್ಷಣ ಸಮತಟ್ಟಾದ ಮರಳ ಬಯಲನ್ನು ಕಲ್ಪಿಸಿಕೊಳ್ಳುವವರಿಗೆ ಮಂಗಳೂರು ಬೇರೆಯೇ ಆಗಿ ಕಾಣುತ್ತದೆ. ತೆಂಕಣಕ್ಕೆ ನೇತ್ರಾವತಿ. ಬಡಗಣಕ್ಕೆ ಫಲ್ಗುಣಿಯೆಂದೂ ಕರೆಯುವ ಗುರುಪುರ ನದಿ. ಅದು ಕೂಳೂರಿನ ಬಳಿಕ ಕಡಲಿಗೆ ಸಮಾನಾಂತರವಾಗಿ ತೆಂಕು ಮುಖವಾಗಿ ಹರಿದು, ತಣ್ಣೀರುಬಾವಿ–ಬೆಂಗ್ರೆಯ ಮರಳ ದಿಣ್ಣೆಯ ಹಿಂದಿನಿಂದ ಬಂದು ಅಳಿವೆಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಈ ಎರಡು ನದಿಗಳ ನಡುವೆ ಮುರಕಲ್ಲಿನ ಗುಡ್ಡಗಳ ಗುಂಪು: ಕದ್ರಿ, ಬಿಜೈ, ಬಾವುಟಗುಡ್ಡ, ಬಲ್ಮಠ, ಫಳ್ನೀರು, ದೇರೆಬೈಲು, ಕೊಂಚಾಡಿ. ಗುಡ್ಡ ಗುಡ್ಡದ ನಡುವೆ ಬೈಲು. ಕೊಡಿಯಾಲ್‌ಬೈಲ್, ಅತ್ತಾವರ, ಕೊಟ್ಟಾರದ ತಗ್ಗುಗಳು ಒಂದು ಕಾಲಕ್ಕೆ ಭತ್ತದ ಗದ್ದೆಗಳು. ಗುಡ್ಡದಿಂದ ಇಳಿದ ಮಳೆನೀರು ಗದ್ದೆಯ ಅಂಚಿನ ತೋಡುಗಳಲ್ಲಿ ಹರಿದು ನದಿ ಸೇರುತ್ತಿತ್ತು.

ನೀರಿಗೆ ಮಾತ್ರವಲ್ಲ, ಗಾಳಿಗೂ ಈ ಬೈಲು ದಾರಿಯಾಗಿತ್ತು. ಮಳೆಗಾಲ ಮುಗಿದ ಮೇಲೆ ಇಲ್ಲಿನ ಗಾಳಿ ದಿನಕ್ಕೆರಡು ಬಾರಿ ದಿಕ್ಕು ಬದಲಿಸುತ್ತದೆ. ಹಗಲು ನೆಲ ಕಾಯ್ದಂತೆ ಪಡುವಣ ಅಥವಾ ವಾಯವ್ಯದಿಂದ ಕಡಲ ಗಾಳಿ ಒಳನುಗ್ಗುತ್ತದೆ. ರಾತ್ರಿ ನೆಲ ತಣಿದಾಗ ಮೂಡಣದಿಂದ ನೆಲದ ಗಾಳಿ ಮೆಲ್ಲಗೆ ಕಡಲಿನತ್ತ ಹೊರಡುತ್ತದೆ. ಗುಡ್ಡದ ನೆತ್ತಿ ಬೇಗ ತಣಿಯುವುದರಿಂದ ಅಲ್ಲಿನ ತಂಪು ಗಾಳಿ ಭಾರವಾಗಿ ಇಳಿಜಾರಿನಲ್ಲಿ ಜಾರಿ ತಗ್ಗಿನಲ್ಲಿ ಬಂದು ಕೂರುತ್ತದೆ. ಡಿಸೆಂಬರ್, ಜನವರಿಯ ಮುಂಜಾವಿನಲ್ಲಿ ಬೈಲಿನ ಮೇಲೆ ತೆಳುವಾಗಿ ನಿಲ್ಲುವ ಮಂಜು ಇದರದೇ ಗುರುತು. ಗದ್ದೆಯಿದ್ದಾಗ ಆ ತಂಪು ಗಾಳಿ ತಡೆಯಿಲ್ಲದೆ ತೋಡಿನ ಗುಂಟ ನದಿಯತ್ತ ಸರಿಯುತ್ತಿತ್ತು. ಈಗ ಅದೇ ತಗ್ಗಿನಲ್ಲಿ ಬಹುಮಹಡಿ ಕಟ್ಟಡಗಳೂ ಊರಿನ ಅತಿ ದಟ್ಟ ವಾಹನ ಸಂಚಾರವೂ ಇವೆ.

ಹೆಂಚಿನ ಕಾಲದ ಹೊಗೆ

ಮಂಗಳೂರಿನಲ್ಲಿ ಹೊಗೆ ಮತ್ತು ನಗರರಚನೆಯ ಮೊದಲ ಗಂಟು ಬಿದ್ದದ್ದು 1865ರಲ್ಲಿ. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ವರ್ಷ ಅದು. ಮೂರೇ ವರ್ಷಗಳಲ್ಲಿ ಆಲ್ಬುಕರ್ಕ್ ಕಾರ್ಖಾನೆಯೂ ಬಂತು. ಹೆಂಚಿಗೆ ಬೇಕಾದ ಆವೆಮಣ್ಣು ಎರಡೂ ನದಿಗಳ ದಂಡೆಯ ಗದ್ದೆಗಳಲ್ಲಿ ಸಿಗುತ್ತಿತ್ತು. ಗೂಡಿಗೆ ಬೇಕಾದ ಕಟ್ಟಿಗೆ ಘಟ್ಟದ ತಪ್ಪಲಿನಿಂದ ಹೊಳೆಯಲ್ಲಿ ಇಳಿದು ಬರುತ್ತಿತ್ತು. ಸುಟ್ಟ ಹೆಂಚು ಹಳೇ ಬಂದರಿನಿಂದ ಮಂಜಿ ದೋಣಿಗಳನ್ನೇರಿ ಹೊರಡುತ್ತಿತ್ತು. ಹಾಗಾಗಿ ಜೆಪ್ಪು, ಬೋಳಾರ, ಕುದ್ರೋಳಿ, ಬೊಕ್ಕಪಟ್ಣ ಎಂದು ಹೊಳೆಯ ಬದಿಯುದ್ದಕ್ಕೂ ಚಿಮಿಣಿಗಳು ಎದ್ದವು. ಕೂಲಿಕಾರರ ಮನೆಗಳು ಅವುಗಳ ಬುಡದಲ್ಲೇ ಹುಟ್ಟಿಕೊಂಡವು.

ಅದೇ ಕಾಲದಲ್ಲಿ ಎತ್ತರದಲ್ಲಿ ಬೆಳೆದದ್ದು ಬೇರೆಯೇ ಊರು. ಮಿಷನ್ನಿನ ಮುದ್ರಣಾಲಯವೂ ಶಾಲೆಯೂ ಬಲ್ಮಠದಲ್ಲಿದ್ದವು. 1880ರಲ್ಲಿ ಆರಂಭವಾದ ಸಂತ ಅಲೋಶಿಯಸ್ ಕಾಲೇಜು ನೆಲೆಗೊಂಡದ್ದು ಬಾವುಟಗುಡ್ಡದಲ್ಲಿ. ಅಧಿಕಾರಿಗಳ ಬಂಗಲೆಗಳೂ ಉಳ್ಳವರ ಹಿತ್ತಲುಗಳೂ ಗುಡ್ಡದ ಗಾಳಿಯನ್ನೇ ಆರಿಸಿಕೊಂಡವು. ದುಡಿಮೆ ತಗ್ಗಿನಲ್ಲಿ, ವಿದ್ಯೆ ಮತ್ತು ಅಧಿಕಾರ ಎತ್ತರದಲ್ಲಿ ಎಂಬ ಈ ವಿಭಜನೆಯನ್ನು ಯಾರೂ ನಕ್ಷೆ ಬರೆದು ಜಾರಿಗೆ ತಂದದ್ದಲ್ಲ. ಆದರೆ ಬೆಲೆಬಾಳುವ ನೆಲ ಯಾವುದು ಎಂಬ ತಿಳಿವಳಿಕೆಯಲ್ಲಿ ಅದು ನಿಂತುಬಿಟ್ಟಿತು. ಮುಂದೆ ಕಾಂಕ್ರೀಟಿನ ತಾರಸಿ ಬಂದು ಹೆಂಚಿನ ಬೇಡಿಕೆ ಕುಸಿದು ಒಂದೊಂದೇ ಕಾರ್ಖಾನೆ ಮುಚ್ಚಿದಾಗ, ಹೊಗೆ ನಿಂತ ನೆಲಕ್ಕೂ ಬೆಲೆ ಬಂತು. ಹೊಳೆಯ ಬದಿಯ ಹೆಂಚಿನಂಗಳಗಳಲ್ಲಿ ಈಗ ವಸತಿ ಸಮುಚ್ಚಯಗಳಿವೆ. ಮಾಲಿನ್ಯವೊಂದು ಬಿಟ್ಟುಹೋದ ಜಾಗವನ್ನು ನಗರ ತುಂಬಿಕೊಳ್ಳುವ ಪರಿಗೆ ಇದು ಇಲ್ಲಿನ ಮೊದಲ ನಿದರ್ಶನ.

ಬಡಗಣಕ್ಕೆ ಸರಿದ ಚಿಮಿಣಿಗಳು

ಅಳಿವೆಯ ಹೂಳಿನಿಂದಾಗಿ ಹಳೇ ಬಂದರಿಗೆ ದೊಡ್ಡ ಹಡಗುಗಳು ಬರಲಾರದೆ ಹೊರಗೆ ಕಡಲಿನಲ್ಲೇ ಲಂಗರು ಹಾಕುತ್ತಿದ್ದವು. ಪಣಂಬೂರಿನಲ್ಲಿ ನೆಲವನ್ನೇ ಕೊರೆದು ಹೊಸ ಬಂದರು ಕಟ್ಟುವ ಕೆಲಸ 1960ರ ದಶಕದಲ್ಲಿ ಶುರುವಾಯಿತು. 1974ರಲ್ಲಿ ಅದು ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. 1975ರ ಜನವರಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿ ಉದ್ಘಾಟಿಸಿದರು. ಬಂದರಿನ ಬೆನ್ನಿಗೆ ಉದ್ಯಮಗಳು ಬಂದವು: 1976ರಲ್ಲಿ ಉತ್ಪಾದನೆ ಆರಂಭಿಸಿದ ಎಂಸಿಎಫ್ ರಸಗೊಬ್ಬರ ಕಾರ್ಖಾನೆ, ಕುದುರೆಮುಖದಿಂದ ಕೊಳವೆಯಲ್ಲಿ ಬರುತ್ತಿದ್ದ ಅದಿರಿನ ಕೆಸರನ್ನು ಉಂಡೆ ಕಟ್ಟುವ ಘಟಕ, ಬೈಕಂಪಾಡಿಯ ಕೈಗಾರಿಕಾ ಪ್ರದೇಶ, 1996ರಲ್ಲಿ ಕೆಲಸ ಆರಂಭಿಸಿದ ಎಂಆರ್‌ಪಿಎಲ್ ತೈಲ ಶುದ್ಧೀಕರಣಾಗಾರ, ಆಮೇಲೆ ವಿಶೇಷ ಆರ್ಥಿಕ ವಲಯ.

ಹಳೆಯ ಊರಿನಿಂದ ಹತ್ತು ಕಿಲೋಮೀಟರ್ ದೂರಕ್ಕೆ ಚಿಮಿಣಿಗಳನ್ನು ಕಳಿಸಿದ್ದರಿಂದ ಊರಿನ ಕೇಂದ್ರವಾದ ಹಂಪನಕಟ್ಟೆಯ ಗಾಳಿಗೆ ಒಳ್ಳೆಯದೇ ಆಯಿತು. ಆದರೆ ಪಣಂಬೂರು ಖಾಲಿ ನೆಲವಾಗಿರಲಿಲ್ಲ. ಬಂದರಿಗಾಗಿ ಮನೆ, ಗದ್ದೆ ಬಿಟ್ಟವರಿಗೆ ಕಾಟಿಪಳ್ಳ ಮತ್ತು ಕೃಷ್ಣಾಪುರದಲ್ಲಿ ಬ್ಲಾಕುಗಳೆಂದು ವಿಂಗಡಿಸಿ ನಿವೇಶನ ಕೊಡಲಾಯಿತು. ಇಂದಿಗೂ ಅಲ್ಲಿನವರು ತಮ್ಮ ಮನೆಯ ಗುರುತು ಹೇಳುವುದು ಮೂರನೇ ಬ್ಲಾಕು, ಏಳನೇ ಬ್ಲಾಕು ಎಂದೇ. ಕಾಲು ಶತಮಾನದ ಬಳಿಕ ಶುದ್ಧೀಕರಣಾಗಾರ ಬಂದು ನಿಂತದ್ದು ಅದೇ ಕಾಟಿಪಳ್ಳದ ಮಗ್ಗುಲಲ್ಲಿ. ಒಮ್ಮೆ ಉದ್ಯಮಕ್ಕಾಗಿ ಊರು ಬಿಟ್ಟವರು ಎರಡನೆಯ ಬಾರಿ ಉದ್ಯಮದ ನೆರೆಯವರಾದರು. ಮಂಗಳೂರಿನ ನಗರಯೋಜನೆಯ ಚರಿತ್ರೆಯಲ್ಲಿ ಇದಕ್ಕಿಂತ ಕಟುವಾದ ಸಂಗತಿ ನನಗೆ ಕಾಣುವುದಿಲ್ಲ. ಪುನರ್ವಸತಿಯ ಜಾಗ ಆರಿಸಿದವರಿಗೆ ಮುಂದಿನ ಕಾರ್ಖಾನೆಯ ಜಾಗ ತಿಳಿದಿರಲಿಲ್ಲ ಎನ್ನಬಹುದು. ಕಾರ್ಖಾನೆಯ ಜಾಗ ಆರಿಸಿದವರಿಗೆ ಮಾತ್ರ ಆ ವಸತಿ ಕಣ್ಣೆದುರೇ ಇತ್ತು.

ಇಲ್ಲೊಂದು ಭೌತಿಕ ವಿದ್ಯಮಾನವನ್ನು ಬಿಡಿಸಿ ಹೇಳಬೇಕು. ಎತ್ತರದ ಚಿಮಿಣಿ ಕಟ್ಟಿದರೆ ಹೊಗೆ ಮೇಲಕ್ಕೆ ಹೋಗಿ ಚದುರುತ್ತದೆ ಎಂಬುದು ಒಳನಾಡಿನಲ್ಲಿ ಬಹುಮಟ್ಟಿಗೆ ನಿಜ. ಕಡಲ ಬದಿಯಲ್ಲಿ ಅದು ಅರ್ಧ ನಿಜ. ಕಡಲಿನಿಂದ ಬರುವ ಗಾಳಿ ತಂಪು. ಅದರ ಪದರಗಳು ಒಂದರೊಳಗೊಂದು ಬೆರೆಯುವುದಿಲ್ಲ. ಕಾದ ನೆಲವನ್ನು ಮುಟ್ಟಿದ ಮೇಲೆ ಕೆಳಗಿನಿಂದ ಕಲಕುವ ಪದರವೊಂದು ಹುಟ್ಟಿಕೊಳ್ಳುತ್ತದೆ. ದಡದ ಹತ್ತಿರ ಅದು ತೆಳುವಾಗಿದ್ದು ಒಳಕ್ಕೆ ಹೋದಂತೆ ದಪ್ಪವಾಗುತ್ತದೆ. ದಡದ ಬಳಿಯ ಎತ್ತರದ ಚಿಮಿಣಿಯ ಹೊಗೆ ಮೊದಲು ಈ ಪದರದ ಮೇಲೆ, ಕದಡದ ಗಾಳಿಯಲ್ಲಿ ಹೆಚ್ಚೇನೂ ಚದುರದೆ ಸಾಗುತ್ತದೆ. ಕೆಲವು ಕಿಲೋಮೀಟರ್ ಒಳಗೆ ಕಲಕುವ ಪದರ ಅದರ ಎತ್ತರಕ್ಕೆ ಬೆಳೆದ ಕೂಡಲೇ ಹೊಗೆಯೆಲ್ಲ ನೆಲಕ್ಕೆ ಎಳೆಯಲ್ಪಡುತ್ತದೆ. ಅಮೆರಿಕದ ಮಿಷಿಗನ್ ಸರೋವರದ ದಡದಲ್ಲಿ ಲಯನ್ಸ್ ಮತ್ತು ಕೋಲ್ ಎಂಬ ವಿಜ್ಞಾನಿಗಳು 1973ರಲ್ಲಿ ಇದನ್ನು ವಿವರವಾಗಿ ದಾಖಲಿಸಿದರು. ಅಂದರೆ ಅತಿ ಹೆಚ್ಚು ಹೊಗೆ ಬೀಳುವ ಜಾಗ ಚಿಮಿಣಿಯ ಬುಡವೇ ಆಗಬೇಕಿಲ್ಲ.

ಪಣಂಬೂರು–ಬೈಕಂಪಾಡಿಯ ದಡಕ್ಕೆ ಇದನ್ನು ಅನ್ವಯಿಸಿ ನೋಡಿದರೆ, ಫೆಬ್ರವರಿಯಿಂದ ಮೇ ತನಕ ಬೀಸುವ ಮಧ್ಯಾಹ್ನದ ಪಡುವಣ ಗಾಳಿಯ ದಾರಿಯಲ್ಲಿ ಸಿಗುವುದು ಜೋಕಟ್ಟೆ, ತೋಕೂರು, ಕಳವಾರು, ಬಜ್ಪೆಯ ಕಡೆಯ ಊರುಗಳು; ಗಾಳಿ ವಾಯವ್ಯದಿಂದ ಬೀಸಿದ ದಿನ ಕೂಳೂರು ಮತ್ತು ಕಾವೂರು. ರಾತ್ರಿಯ ನೆಲದ ಗಾಳಿ ಅಳಿದುಳಿದ ಹೊಗೆಯನ್ನು ಕಡಲಿನ ಮೇಲೆ ಒಯ್ಯುತ್ತದೆ, ನಿಜ. ಆದರೆ ಅದು ಅಲ್ಲೇ ಮುಗಿದುಹೋಗುವುದಿಲ್ಲ. ಮರುದಿನದ ಕಡಲ ಗಾಳಿ ಅದರ ಒಂದು ಪಾಲನ್ನು ತಿರುಗಿ ತರಬಲ್ಲದು. "ನಮ್ಮದು ಕಡಲ ಬದಿ, ಇಲ್ಲಿ ಹೊಗೆ ನಿಲ್ಲುವುದಿಲ್ಲ" ಎಂದು ಊರಿನಲ್ಲಿ ಹೇಳುವ ಮಾತಿಗೆ ಈ ಎರಡು ಸಂಗತಿಗಳನ್ನು ಸೇರಿಸಿಕೊಳ್ಳಬೇಕು.

ಮಾಲಿನ್ಯ ತಿರುಗಿ ನಗರರಚನೆಯನ್ನು ತಿದ್ದುವುದನ್ನೂ ಜೋಕಟ್ಟೆಯಲ್ಲೇ ಕಾಣಬಹುದು. ಶುದ್ಧೀಕರಣಾಗಾರದ ಕೋಕ್ ಮತ್ತು ಗಂಧಕದ ಘಟಕ ಬಂದ ಮೇಲೆ ಕಪ್ಪು ಧೂಳಿನ ವಿರುದ್ಧ ಅಲ್ಲಿನ ಜನ ವರ್ಷಗಟ್ಟಲೆ ಹೋರಾಡಿದರು. ಘಟಕಕ್ಕೂ ಊರಿಗೂ ನಡುವೆ ಹಸಿರು ಪಟ್ಟಿ ಬೇಕೆಂಬುದು ಅವರ ಮುಖ್ಯ ಬೇಡಿಕೆಗಳಲ್ಲೊಂದಾಗಿತ್ತು. ಹಸಿರು ಪಟ್ಟಿ ಎಂದರೆ ನೆಲ; ನೆಲವೆಂದರೆ ಮತ್ತೆ ಭೂಸ್ವಾಧೀನ. ಕಾರ್ಖಾನೆಗೆ ಅನುಮತಿ ಕೊಡುವಾಗಲೇ ಬಿಡಿಸಿಡಬೇಕಾಗಿದ್ದ ಅಂತರವನ್ನು ಜನವಸತಿ ಬೆಳೆದ ಮೇಲೆ ಹುಡುಕಹೊರಟರೆ ಅದಕ್ಕೆ ತೆರಬೇಕಾದ ಬೆಲೆ ಹಲವು ಪಟ್ಟು ಹೆಚ್ಚು, ಆ ಬೆಲೆಯ ಒಂದು ಪಾಲು ಮತ್ತೆ ಊರಿನವರದೇ. ಸಮಾಧಾನದ ಸಂಗತಿಯೂ ಒಂದಿದೆ. ಕೊಚ್ಚಿ–ಮಂಗಳೂರು ಅನಿಲ ಕೊಳವೆ 2021ರ ಜನವರಿಯಲ್ಲಿ ಲೋಕಾರ್ಪಣೆಯಾಯಿತು. ನಾಫ್ತಾ ಮತ್ತು ಫರ್ನೇಸ್ ಎಣ್ಣೆಯ ಜಾಗಕ್ಕೆ ಅನಿಲ ಬಂದಷ್ಟೂ ಗಂಧಕದ ಡೈಆಕ್ಸೈಡ್ ಹುಟ್ಟಿನಲ್ಲೇ ಕಡಿಮೆಯಾಗುತ್ತದೆ. ಆದರೆ ಇಂಧನ ಬದಲಾದರೂ ಅಂತರದ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಒಂದೇ ಹೆದ್ದಾರಿಯ ಊರು

ಬಂದರು ಬಡಗಣಕ್ಕೆ ಹೋಯಿತು. ಬಂದರಿನ ದಾರಿ ಮಾತ್ರ ಊರೊಳಗಿನಿಂದಲೇ ಹಾದುಹೋಯಿತು. ಪಣಂಬೂರಿನಿಂದ ಕೇರಳಕ್ಕೆ ಹೊರಟ ಲಾರಿ ಕೂಳೂರಿನ ಸೇತುವೆ ದಾಟಿ, ಕೊಟ್ಟಾರ ಚೌಕಿ, ಕುಂಟಿಕಾನ, ಕೆಪಿಟಿ, ನಂತೂರು ಹಾದು ಪಂಪ್‌ವೆಲ್ಲಿಗೆ ಇಳಿಯಬೇಕು. ಒಂದು ಕಾಲಕ್ಕೆ ಊರ ಹೊರಗಿನ ದಾರಿಯೆಂದು ಎಣಿಸಿದ್ದ ರಾಷ್ಟ್ರೀಯ ಹೆದ್ದಾರಿ 66 ಇಂದು ನಗರದ ನಟ್ಟನಡುವಿನ ರಸ್ತೆ. ಎರಡೂ ಬದಿ ಶಾಲೆ, ಆಸ್ಪತ್ರೆ, ವಸತಿ ಸಮುಚ್ಚಯ. ದೊಡ್ಡ ರಸ್ತೆಯ ಅಂಚಿನಿಂದ 300–500 ಮೀಟರಿನವರೆಗೆ ವಾಹನದ ಹೊಗೆಯ ಪ್ರಭಾವ ಹೆಚ್ಚಾಗಿರುತ್ತದೆಂದು ಅಮೆರಿಕದ ಹೆಲ್ತ್ ಎಫೆಕ್ಟ್ಸ್ ಇನ್‌ಸ್ಟಿಟ್ಯೂಟ್ 2010ರ ವರದಿಯಲ್ಲಿ ಹೇಳಿತು. ಕೂಳೂರಿನಿಂದ ಪಂಪ್‌ವೆಲ್ ತನಕ ಹೆದ್ದಾರಿಯ ಇಬ್ಬದಿಯಲ್ಲೂ ಅಷ್ಟು ಅಗಲದ ಪಟ್ಟಿ ಎಳೆದರೆ ಅದರೊಳಗೆ ಸಿಗುವುದು ಊರಿನ ಹೊಸ ವಸತಿಗಳ ದೊಡ್ಡ ಭಾಗ.

ನಂತೂರನ್ನು ಹತ್ತಿರದಿಂದ ನೋಡೋಣ. ಪಂಪ್‌ವೆಲ್ಲಿನ ತಗ್ಗಿನಿಂದ ತಾರೆತೋಟದ ಏರು ಹತ್ತಿ ಬರುವ ಲಾರಿ, ಬಿಕರ್ನಕಟ್ಟೆ ಕಡೆಯಿಂದ ಬರುವ ಬಸ್ಸು, ಮಲ್ಲಿಕಟ್ಟೆಯಿಂದ ಬರುವ ಕಾರು–ರಿಕ್ಷಾ, ಕೆಪಿಟಿಯಿಂದ ಬರುವ ಅನಿಲದ ಬುಲೆಟ್ ಟ್ಯಾಂಕರು, ಎಲ್ಲವೂ ಇಲ್ಲಿ ಸೇರುತ್ತವೆ. ಏರಿನಲ್ಲಿ ನಿಂತ ಲಾರಿ ಮತ್ತೆ ಹೊರಡಲು ಮೊದಲನೇ ಗೇರಿಗೆ ಬೀಳುತ್ತದೆ. ಎಂಜಿನ್ನಿಗೆ ಅತಿ ಹೆಚ್ಚು ಭಾರ, ಅತಿ ಕಡಿಮೆ ವೇಗ. ಡೀಸೆಲ್ ಅರೆಬರೆ ಉರಿದು ಮಸಿಯಾಗುವುದು ಇಂತಹ ಗಳಿಗೆಯಲ್ಲೇ. ಆ ಮಸಿ ಹೊರಬೀಳುವುದು ಬೈಕಿನಲ್ಲಿ ಕೂತವನ ಮುಖದ ಮಟ್ಟದಲ್ಲಿ. ಸಮತಟ್ಟಾದ ಊರಿನ ಸಿಗ್ನಲ್ಲಿಗೂ ಮಂಗಳೂರಿನ ಏರಿನ ಸಿಗ್ನಲ್ಲಿಗೂ ಇರುವ ಈ ವ್ಯತ್ಯಾಸ, ವಾಹನಗಳನ್ನು ತಲೆ ಎಣಿಸಿ ಮಾಡುವ ಹೊಗೆಯ ಅಂದಾಜಿನಲ್ಲಿ ಕಾಣುವುದೇ ಇಲ್ಲ.

ಇದಕ್ಕೆ ಊರು ಕಂಡುಕೊಂಡ ಉತ್ತರ ಮೇಲ್ಸೇತುವೆ ಮತ್ತು ರಸ್ತೆ ಅಗಲೀಕರಣ. ವರ್ಷಗಟ್ಟಲೆ ಕುಂಟಿದ ಪಂಪ್‌ವೆಲ್ ಮೇಲ್ಸೇತುವೆ 2020ರ ಜನವರಿ ಕೊನೆಗೆ ತೆರೆಯಿತು. ದೂರ ಹೋಗುವವರಿಗೆ ಉಪಕಾರವಾದದ್ದು ನಿಜ. ಆದರೆ ಸೇತುವೆಯಡಿಯ ಸರ್ವಿಸ್ ರಸ್ತೆಯಲ್ಲಿ ಬಸ್ಸಿಗೆ ಕಾಯುವವರ ಪಾಲಿಗೆ ಮೇಲೊಂದು ಕಾಂಕ್ರೀಟಿನ ಮುಚ್ಚಳ ಬಂತು. ರಸ್ತೆ ಅಗಲವಾದಷ್ಟೂ ವಾಹನ ಹೆಚ್ಚುತ್ತದೆಂದು ಆಂಥನಿ ಡೌನ್ಸ್ 1962ರಲ್ಲೇ ಹೇಳಿದ್ದರು. ಡ್ಯುರಾಂಟನ್ ಮತ್ತು ಟರ್ನರ್ 2011ರಲ್ಲಿ ಅಮೆರಿಕದ ನಗರಗಳ ಅಂಕಿಅಂಶಗಳಿಂದ ಅದನ್ನು ತೋರಿಸಿಕೊಟ್ಟರು. ಹೊಗೆ ಮತ್ತು ದಟ್ಟಣೆಯ ಕಾರಣ ಹೇಳಿ ರಸ್ತೆ ಅಗಲಿಸುವುದು, ಅಗಲವಾದ ರಸ್ತೆಯ ಆಸೆಗೆ ಅಂಚಿನಲ್ಲಿ ಹೊಸ ಕಟ್ಟಡಗಳು ಏಳುವುದು, ಆ ಕಟ್ಟಡಗಳ ವಾಹನಗಳೇ ರಸ್ತೆಯನ್ನು ಮತ್ತೆ ತುಂಬುವುದು – ಮಂಗಳೂರಿನಲ್ಲಿ ಈ ಸುತ್ತು ನಿಲ್ಲದೆ ತಿರುಗುತ್ತಿದೆ. ಅಗಲೀಕರಣಕ್ಕೆ ಬಲಿಯಾದ ಸಾಲುಮರಗಳ ನೆರಳು ಲೆಕ್ಕದಿಂದ ಹೊರಗೇ ಉಳಿಯಿತು.

ಮೂಲವನ್ನೇ ತೆಗೆದರೆ ಏನಾಗುತ್ತದೆಂಬುದಕ್ಕೂ ಇಲ್ಲಿ ಸಾಕ್ಷಿಯಿದೆ. ಈ ಶತಮಾನದ ಮೊದಲ ದಶಕದಲ್ಲಿ ಬಳ್ಳಾರಿಯ ಅದಿರು ಲಾರಿಗಳು ಶಿರಾಡಿ ಘಾಟಿ ಇಳಿದು ಬಂದರಿಗೆ ಸಾಲುಗಟ್ಟುತ್ತಿದ್ದ ಕಾಲವನ್ನು ಹೆದ್ದಾರಿಯ ಬದಿಯವರು ಮರೆತಿಲ್ಲ. ಅಂಗಡಿಯ ಬೋರ್ಡು, ಗಿಡದ ಎಲೆ, ಒಗೆದು ಹಾಕಿದ ಬಟ್ಟೆ ಎಲ್ಲದರ ಮೇಲೂ ಕೆಂಪು. 2010ರ ಜುಲೈಯಲ್ಲಿ ರಾಜ್ಯ ಸರ್ಕಾರ ಅದಿರು ರಫ್ತನ್ನು ತಡೆಯಿತು. ರಸ್ತೆಯನ್ನು ಒಂದಡಿ ಅಗಲಿಸದೆಯೂ ಆ ಧೂಳು ಇಳಿಯಿತು. ಕಲ್ಲಿದ್ದಲಿನ ವಿಷಯದಲ್ಲಿ ಉಡುಪಿ ಜಿಲ್ಲೆಯ ಎಲ್ಲೂರಿನ ವಿದ್ಯುತ್ ಸ್ಥಾವರಕ್ಕೆ ಬಂದರಿನಿಂದ ರೈಲಿನಲ್ಲಿ ಸಾಗಿಸುವ ಏರ್ಪಾಡಿರುವುದರಿಂದ ಅಷ್ಟು ಲಾರಿಗಳು ರಸ್ತೆಗಿಳಿಯುವುದು ತಪ್ಪಿದೆ. ಸ್ಥಾವರದ ಸುತ್ತಲಿನ ಊರುಗಳ ಅಳಲು ಬೇರೆ ಮಾತು. ಅದಕ್ಕೆ ಪ್ರತ್ಯೇಕ ಅಧ್ಯಯನವೇ ಬೇಕು.

ನೀರು ನಿಲ್ಲುವಲ್ಲಿ ಹೊಗೆಯೂ

ಪ್ರತಿ ಮಳೆಗಾಲ ಕೊಟ್ಟಾರ ಚೌಕಿ ಮುಳುಗುತ್ತದೆ. ಜೂನ್ ತಿಂಗಳ ಪತ್ರಿಕೆಗಳಲ್ಲಿ ಅದರ ಚಿತ್ರ ಬಾರದ ವರ್ಷವಿಲ್ಲ. ಗದ್ದೆಗೆ ಮಣ್ಣು ತುಂಬಿಸಿ ಕಟ್ಟಿದ್ದು, ತೋಡನ್ನು ಕಿರಿದಾಗಿಸಿದ್ದು, ಹೆದ್ದಾರಿಯ ದಿಬ್ಬ ಅಡ್ಡ ಬಂದದ್ದು ಕಾರಣಗಳೆಂದು ಎಲ್ಲರೂ ಬಲ್ಲರು. ಅದೇ ಜಾಗವನ್ನು ಡಿಸೆಂಬರಿನ ಮುಂಜಾನೆ ನೋಡಬೇಕೆಂಬುದು ನನ್ನ ಸೂಚನೆ. ನೀರನ್ನು ತಡೆದ ಕಟ್ಟಡ ಮತ್ತು ದಿಬ್ಬಗಳೇ ರಾತ್ರಿ ಗುಡ್ಡದಿಂದ ಇಳಿದ ತಂಪು ಗಾಳಿಯನ್ನೂ ತಡೆಯುತ್ತವೆ. ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಶಾಲೆ, ಕಚೇರಿಯ ವಾಹನಗಳ ಹೊಗೆ ಬಿಡುಗಡೆಯಾಗುವುದು ಆ ನಿಂತ ಗಾಳಿಯೊಳಕ್ಕೆ. ಬಿಸಿಲೇರಿ ಗಾಳಿ ಮೇಲಕ್ಕೆ ಕಲಕುವ ತನಕ, ಕಡಲ ಗಾಳಿ ಬರುವ ತನಕ ಅದಕ್ಕೆ ಹೊರದಾರಿಯಿಲ್ಲ. ಹಾಗಾಗಿ ಜೂನಿನ ನೆರೆಯ ನಕ್ಷೆ ಮತ್ತು ಡಿಸೆಂಬರಿನ ಮುಂಜಾನೆಯ ಹೊಗೆಯ ನಕ್ಷೆ ಬಹುಪಾಲು ಒಂದರ ಮೇಲೊಂದು ಕೂರುತ್ತವೆ ಎಂಬ ಊಹೆಯನ್ನು ಇಲ್ಲಿ ಮುಂದಿಡುತ್ತೇನೆ. ಇದು ಪರೀಕ್ಷೆಗೆ ಒಳಪಡಬಲ್ಲ ಊಹೆ: ಕೊಟ್ಟಾರ ಚೌಕಿ, ಕೊಡಿಯಾಲ್‌ಬೈಲ್, ಅತ್ತಾವರ, ಪಂಪ್‌ವೆಲ್ ತಗ್ಗುಗಳಲ್ಲಿ ಮತ್ತು ಅವುಗಳ ಮೇಲಿನ ಗುಡ್ಡಗಳಲ್ಲಿ ಜೋಡಿ ಮಾಪಕಗಳನ್ನಿಟ್ಟು ಒಂದು ಚಳಿಗಾಲ ಅಳೆದರೆ ನಿಜವೋ ಸುಳ್ಳೋ ತಿಳಿಯುತ್ತದೆ.

ಹಗಲಿನ ಸಮಸ್ಯೆ ಬೇರೆ ಬಗೆಯದು. ರಸ್ತೆಯ ಅಗಲಕ್ಕೆ ಹೋಲಿಸಿದರೆ ಕಟ್ಟಡಗಳ ಎತ್ತರ ಸುಮಾರು 0.7 ಪಾಲನ್ನು ದಾಟಿದಾಗ, ಅಡ್ಡ ಬರುವ ಗಾಳಿ ಮಾಳಿಗೆಗಳ ಮೇಲಿಂದಲೇ ಸವರಿಕೊಂಡು ಹೋಗುತ್ತದೆ, ರಸ್ತೆಗೆ ಇಳಿಯುವುದಿಲ್ಲ ಎಂದು ಹವಾಮಾನ ವಿಜ್ಞಾನಿ ಟಿ. ಆರ್. ಓಕ್ 1988ರಲ್ಲಿ ತೋರಿಸಿದರು. ಹನ್ನೆರಡು ಮೀಟರ್ ಅಗಲದ ರಸ್ತೆಗೆ ನಾಲ್ಕು ಮಹಡಿಯ ಸಾಲು ಎದುರುಬದುರಾದರೆ ಆ ಪಾಲು ಒಂದಕ್ಕೆ ಮುಟ್ಟುತ್ತದೆ. ಹಂಪನಕಟ್ಟೆಯಿಂದ ಬಡಗಣಕ್ಕೆ ಹೋಗುವ ಕೆ. ಎಸ್. ರಾವ್ ರಸ್ತೆ ಇಂತಹದು. ಪಡುವಣದ ಕಡಲ ಗಾಳಿಗೆ ಅದು ಅಡ್ಡಲಾಗಿದೆ. ಕಡಲು ಕೂಗಳತೆಯಲ್ಲಿದ್ದರೂ ಅದರ ಗಾಳಿ ಈ ರಸ್ತೆಯ ಕಾಲುದಾರಿಯನ್ನು ಪೂರ್ತಿ ತಲುಪುವುದಿಲ್ಲ. ಊರಿನ ಖಾಸಗಿ ಸಿಟಿ ಬಸ್ಸುಗಳೆಲ್ಲ ಸ್ಟೇಟ್ ಬ್ಯಾಂಕ್ ನಿಲ್ದಾಣಕ್ಕೇ ಬಂದು ತಿರುಗಬೇಕೆಂಬ ಹಳೆಯ ಪದ್ಧತಿ ಈ ಕಿರಿದಾದ ಕೇಂದ್ರದ ಹೊರೆಯನ್ನು ಹೆಚ್ಚಿಸಿದೆ. ಬಸ್ಸುಗಳನ್ನು ದೂರುವುದು ನನ್ನ ಉದ್ದೇಶವಲ್ಲ. ಅವಿಲ್ಲದಿದ್ದರೆ ಅಷ್ಟೂ ಜನ ಸ್ಕೂಟರು, ಕಾರು ಹತ್ತುತ್ತಿದ್ದರು. ದೂರಬೇಕಾದದ್ದು ಒಂದೇ ಬಿಂದುವಿಗೆ ಎಲ್ಲವನ್ನೂ ಎಳೆಯುವ ರಚನೆಯನ್ನು. ಪಂಪ್‌ವೆಲ್ಲಿನಲ್ಲಿ ನಿಲ್ದಾಣ ಕಟ್ಟುವ ಯೋಜನೆ ಬಹುಕಾಲದಿಂದ ಮಾತಿನಲ್ಲೇ ಇದೆ.

ಇನ್ನು ಕೆಂಪು ಮಣ್ಣು. ಗುಡ್ಡ ಕಡಿದು ಸಮುಚ್ಚಯಕ್ಕೆ ಜಾಗ ಮಾಡುವುದು, ಆ ಮಣ್ಣನ್ನು ಟಿಪ್ಪರಿನಲ್ಲಿ ಒಯ್ದು ಬೈಲಿಗೆ ತುಂಬಿಸುವುದು ಈ ಊರಿನ ನಿತ್ಯದ ನೋಟ. ಹಸಿರು ಬಲೆ ಕಟ್ಟದೆ ಬಿಟ್ಟ ಕಡಿತದಿಂದ ಮಳೆಗಾಲದಲ್ಲಿ ಕೆಸರು ಇಳಿದು ಕಾಂಕ್ರೀಟು ರಸ್ತೆಯ ಅಂಚಿನಲ್ಲಿ, ಇಂಟರ್‌ಲಾಕ್ ಸಂದುಗಳಲ್ಲಿ ಕೂರುತ್ತದೆ. ನವೆಂಬರಿನಲ್ಲಿ ಒಣಗಿ, ಚಕ್ರಗಳ ಅಡಿಯಲ್ಲಿ ನುಣ್ಣಗೆ ಅರೆದು, ಮುಂದಿನ ಮೇ ತನಕ ಮೇಲೇಳುತ್ತಿರುತ್ತದೆ. ಹೊಗೆ ತಪಾಸಣೆಯ ಯಾವ ಪ್ರಮಾಣಪತ್ರವೂ ಈ ಧೂಳನ್ನು ಹಿಡಿಯುವುದಿಲ್ಲ. ನಗರರಚನೆಯೇ ನೇರವಾಗಿ ಮಾಲಿನ್ಯವಾಗಿ ಬದಲಾಗುವುದು ಇಲ್ಲಿ.

ಸರಾಸರಿಯ ತೆರೆ

ಭಾರತದ 2009ರ ಮಾನದಂಡದ ಪ್ರಕಾರ ಪಿಎಂ 2.5 ಕಣಗಳ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೊಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ಮಟ್ಟ 5. ಈ ಎರಡರ ನಡುವಿನ ಕಂದರ ಗೊತ್ತಿದ್ದದ್ದೇ. ಮಂಗಳೂರಿನ ವಿಶೇಷ ತೊಡಕು ವಾರ್ಷಿಕ ಸರಾಸರಿಯಲ್ಲಿದೆ. ಲೆಕ್ಕಕ್ಕಾಗಿ ಒಂದು ಜಾಗದಲ್ಲಿ ಮಳೆಗಾಲದ ನಾಲ್ಕು ತಿಂಗಳು 15, ಉಳಿದ ಎಂಟು ತಿಂಗಳು 45 ಇದೆಯೆಂದು ಇಟ್ಟುಕೊಳ್ಳಿ. ವರ್ಷದ ಸರಾಸರಿ 35. ದಾಖಲೆಯಲ್ಲಿ ಆ ಜಾಗ ಪಾಸು. ಎಂಟು ತಿಂಗಳು ಮಿತಿ ಮೀರಿದ ಗಾಳಿ ಉಸಿರಾಡಿದವರ ಸಂಗತಿ ಜೂನಿನ ಮಳೆಯಲ್ಲಿ ತೊಳೆದುಹೋಗುತ್ತದೆ.

ಕಾಲದ ಸರಾಸರಿಯಂತೆ ಜಾಗದ ಸರಾಸರಿಯೂ ಇದೆ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಬೈಕಂಪಾಡಿಯಲ್ಲಿ ಬಹುಕಾಲದಿಂದ ಗಾಳಿಯ ಮಾದರಿ ಸಂಗ್ರಹಿಸುತ್ತಿದೆ. ನಿರಂತರ ಮಾಪನ ಕೇಂದ್ರ ಕದ್ರಿಯಲ್ಲಿದೆ. ಕದ್ರಿ ಊರಿನ ಎತ್ತರದ, ಮರಗಳುಳ್ಳ ಪ್ರದೇಶ. ಅಲ್ಲಿನ ಅಂಕಿ ಸುಳ್ಳಲ್ಲ. ಅದು ಕದ್ರಿಯ ಅಂಕಿ. ಮೊಬೈಲಿನಲ್ಲಿ "ಮಂಗಳೂರಿನ ಇಂದಿನ ಗಾಳಿ" ಎಂದು ಕಾಣಿಸುವಾಗ ಅದನ್ನು ಕೊಟ್ಟಾರ ಚೌಕಿಯವರೂ ಜೋಕಟ್ಟೆಯವರೂ ತಮ್ಮದೆಂದೇ ಓದುತ್ತಾರೆ. ನೂರೈವತ್ತು ವರ್ಷದ ಹಿಂದೆ ಗುಡ್ಡಕ್ಕೂ ತಗ್ಗಿಗೂ ನಡುವೆ ಬಿದ್ದ ಗೆರೆ ಮಾಪನದಲ್ಲೂ ಮುಂದುವರಿದಿದೆ.

ಗುಡ್ಡ–ತಗ್ಗಿನ ಗಾಳಿಯನ್ನು ಯೋಜನೆಯೊಳಗೆ ತಂದ ಊರೂ ಇದೆ. ಜರ್ಮನಿಯ ಸ್ಟುಟ್‌ಗಾರ್ಟ್ ಗುಡ್ಡಗಳ ನಡುವಿನ ತಗ್ಗಿನ ಊರು, ಕೈಗಾರಿಕೆಗಳೂ ಅಲ್ಲಿವೆ. 1938ರಿಂದಲೇ ಆ ನಗರಾಡಳಿತ ಹವಾಮಾನ ತಜ್ಞರನ್ನು ಇಟ್ಟುಕೊಂಡಿದೆ. ಯಾವ ಇಳಿಜಾರಿನಿಂದ ರಾತ್ರಿಯ ತಂಪು ಗಾಳಿ ಇಳಿಯುತ್ತದೆ, ಯಾವ ಕಣಿವೆಯಲ್ಲಿ ಹರಿಯುತ್ತದೆ ಎಂಬುದನ್ನು ನಕ್ಷೆ ಮಾಡಿ, ಆ ದಾರಿಗಳಲ್ಲಿ ಕಟ್ಟಡಕ್ಕೆ ಕಟ್ಟುಪಾಡು ವಿಧಿಸಿದ್ದಾರೆ. ನಮ್ಮಲ್ಲಿ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ತಯಾರಾಗುವ ಮಾಸ್ಟರ್ ಪ್ಲಾನುಗಳು ವಸತಿ, ವಾಣಿಜ್ಯ, ಕೈಗಾರಿಕೆ ಎಂದು ಬಣ್ಣ ಹಚ್ಚುತ್ತವೆ. ಗಾಳಿಯ ದಿಕ್ಕಾಗಲಿ ಇಳಿಜಾರಾಗಲಿ ಆ ಬಣ್ಣಗಳನ್ನು ನಿರ್ಧರಿಸುವುದಿಲ್ಲ. ತೋಡುಗಳ ಇಕ್ಕೆಲದಲ್ಲಿ ಬಿಡಬೇಕಾದ ಅಂತರವನ್ನು ನೆರೆಯ ದೃಷ್ಟಿಯಿಂದ ಮಾತ್ರ ಚರ್ಚಿಸುತ್ತೇವೆ. ಅದೇ ಅಂತರ ಬೈಲಿನ ಗಾಳಿಗೂ ದಾರಿ ಎಂದು ಒಪ್ಪಿದರೆ ತೋಡನ್ನು ಉಳಿಸಲು ಎರಡನೆಯ, ಇನ್ನೂ ಬಲವಾದ ಕಾರಣ ಸಿಗುತ್ತದೆ.

ಬಂದರಿನ ಲಾರಿಗಳಿಗೆ ಊರ ಹೊರಗಿನ ದಾರಿ ಬೇಕೇಬೇಕು. ಮೂಲ್ಕಿಯಿಂದ ಕಟೀಲು, ಬಿ.ಸಿ. ರೋಡು ಸುತ್ತಿ ತೊಕ್ಕೊಟ್ಟಿಗೆ ಸೇರುವ ಬೈಪಾಸಿನ ಪ್ರಸ್ತಾವ ಹಿಂದಿನಿಂದಲೂ ಇದೆ. ಆದರೆ ಅದರ ಅಂಚಿನಲ್ಲಿ ಕಟ್ಟಡ ಕಟ್ಟಲು ಮೊದಲ ದಿನದಿಂದಲೇ ತಡೆ ಹಾಕದಿದ್ದರೆ ಅದು ಮತ್ತೊಂದು ಹೆದ್ದಾರಿ 66 ಆಗುತ್ತದೆ. ಇದಕ್ಕಿಂತ ಅಗ್ಗವಾದ, ಈಗಲೇ ಮಾಡಬಹುದಾದ ಕೆಲಸ ಅಳೆಯುವುದು. ಸುರತ್ಕಲ್ಲಿನ ತಾಂತ್ರಿಕ ಶಿಕ್ಷಣ ಸಂಸ್ಥೆ ಎನ್‌ಐಟಿಕೆ ಕೈಗಾರಿಕಾ ವಲಯದ ಮಗ್ಗುಲಲ್ಲೇ ಇದೆ. ಕೊಣಾಜೆಯಲ್ಲಿ ಮಂಗಳೂರು ವಿಶ್ವವಿದ್ಯಾನಿಲಯವಿದೆ. ಶ್ವಾಸಕೋಶದ ರೋಗಿಗಳ ದಾಖಲೆ ಇಟ್ಟುಕೊಂಡ ವೈದ್ಯಕೀಯ ಕಾಲೇಜುಗಳು ಊರ ತುಂಬ ಇವೆ. ಮಹಾನಗರಪಾಲಿಕೆ ಮತ್ತು ನಗರಾಭಿವೃದ್ಧಿ ಪ್ರಾಧಿಕಾರ ಇವರನ್ನು ಒಂದೆಡೆ ಸೇರಿಸಿ ಕೊಟ್ಟಾರ ಚೌಕಿ, ನಂತೂರು, ಕೆ. ಎಸ್. ರಾವ್ ರಸ್ತೆ, ಜೋಕಟ್ಟೆ ಮತ್ತು ಕಾಟಿಪಳ್ಳದಲ್ಲಿ ಮಾಪಕಗಳನ್ನಿಡಬೇಕು. ಅಕ್ಟೋಬರಿನಿಂದ ಮೇ ತನಕದ ಅಂಕಿಗಳನ್ನು ಮಳೆಗಾಲದ ಜೊತೆ ಬೆರೆಸದೆ ಪ್ರತ್ಯೇಕವಾಗಿ ಪ್ರಕಟಿಸಬೇಕು. ಆ ಅಂಕಿಗಳಿಂದ ತಯಾರಾದ ಗಾಳಿಯ ನಕ್ಷೆಯಿಲ್ಲದೆ ಮುಂದಿನ ಮಾಸ್ಟರ್ ಪ್ಲಾನಿಗೆ ಒಪ್ಪಿಗೆ ಕೊಡಬಾರದು.